ಸುಳ್ಳಿಗೆ ಹೊರಗೆ ಕೂತ ಹುಡುಗಿ

ಮಳಖೇಡ
೨೯ ಜೂನ್ ೨೦೨೫

ಪ್ರೀತಿಯ ಅಮ್ಮಾ,

ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ನಮ್ಮ ಮನೆಯ ಫೋನು ನಿನಗೆ ಗೊತ್ತೇ ಇದೆ. ನೀನು ಕುಂಚಾವರಂನಲ್ಲಿ ಗುಡ್ಡ ಹತ್ತಿ, ನೆಟ್‌ವರ್ಕ್ ಹುಡುಕಿ, ‘ಪ್ರಮಿ, ಹೆಂಗಿದ್ದಿ?’ ಅನ್ನುವಷ್ಟರಲ್ಲಿ ಅಜ್ಜಿ ಸ್ಪೀಕರ್ ಹಚ್ಚಿರುತ್ತಾಳೆ. ನಾನು ಹೇಗಿದ್ದೇನೆ ಎನ್ನುವುದನ್ನು ಅಜ್ಜಿ, ಅಪ್ಪ, ಹಾಲು ಹಾಕಲು ಬಂದ ಸೂರ್ಯಕಾಂತ ಮಾಮಾ ಎಲ್ಲರೂ ಕೂಡಿ ಕೇಳುತ್ತಾರೆ. ಅದಕ್ಕೇ ನಾನು ಫೋನಿನಲ್ಲಿ ಯಾವಾಗಲೂ ಚೆನ್ನಾಗಿರುತ್ತೇನೆ.

ಮೊದಲು ದೊಡ್ಡ ಸುದ್ದಿ. ಶಾಲೆಯ ಖೋಖೋ ತಂಡಕ್ಕೆ ನಾನು ಆಯ್ಕೆಯಾಗಿದ್ದೇನೆ! ಎಂಟನೇ ತರಗತಿಯಿಂದ ನಾನೊಬ್ಬಳೇ, ಉಳಿದವರೆಲ್ಲ ಒಂಬತ್ತು, ಹತ್ತರವರು. ನಮ್ಮ ಪಿ.ಟಿ. ಟೀಚರ್ ಜಗದೇವಿ ಮೇಡಂ ಎಲ್ಲರೆದುರು, ‘ಈ ಹುಡುಗಿ ಕಾಲಾಗ ಏನ್ ಅದನೋ ಗೊತ್ತಿಲ್ಲ, ಹಿಡೀಲಿಕ್ಕೇ ಆಗವಲ್ದು’ ಎಂದರು. ದಿನಾ ಮೊದಲ ಬಸ್ಸಿಗೆ ಸೇಡಂಗೆ ಹೋಗಿ, ಶಾಲೆ ಶುರುವಾಗುವ ಮೊದಲು ಆಡುತ್ತೇವೆ. ಆಗಸ್ಟಿನಲ್ಲಿ ತಾಲ್ಲೂಕು ಪಂದ್ಯ. ಗೆದ್ದರೆ ಕಲಬುರಗಿ. ಅಮ್ಮಾ, ನನಗೆ ಬೇರೆ ಯಾವುದರಲ್ಲೂ ಇಷ್ಟು ಖುಷಿ ಆಗಿಲ್ಲ.

ಇನ್ನೊಂದು ಕೇಳಬೇಕಿತ್ತು. ನನ್ನದಲ್ಲ, ಗೆಳತಿ ರಾಧಿಕಾಳದು. ಅವಳಿಗೆ ಮುಟ್ಟು ಶುರುವಾಗಿ ಒಂದು ವರ್ಷವೂ ಆಗಿಲ್ಲ. ಈಗ ಮೂರು ತಿಂಗಳಿಂದ ಬಂದೇ ಇಲ್ಲ. ಅವಳ ಅಜ್ಜಿ ಪೀರಮ್ಮನಿಗೆ ಗೊತ್ತಾಗಿ, ‘ಓಡಿ ಓಡಿ ಹೊಟ್ಟ್ಯಾಗಿಂದೆಲ್ಲ ಜಾಗಾ ಬಿಟ್ಟದ, ನಾಳಿಂದ ಆಟ ಬಂದ್’ ಎಂದು ತಂಡದಿಂದ ಬಿಡಿಸಿಬಿಟ್ಟಳು. ನಾನು ಇದನ್ನು ನಗೆಯ ಮಾತೆಂದು ಮನೆಯಲ್ಲಿ ಹೇಳಿದೆ. ನಮ್ಮ ಅಜ್ಜಿ ನಗಲಿಲ್ಲ. ‘ಪೀರಮ್ಮ ಶಾಣ್ಯಾಕಿ. ನಾ ಆದ್ರೂ ಹಂಗೇ ಮಾಡ್ತಿದ್ದೆ’ ಎಂದಳು.

ನೀನು ವಿಜ್ಞಾನದ ಟೀಚರ್ ಅಲ್ಲವಾ, ಹೇಳು. ಓಡುವುದರಿಂದ ಅದು ನಿಂತುಹೋಗುತ್ತದಾ? ಮತ್ತೆ ಬರುತ್ತದಾ? ಬರದೇ ಇದ್ದರೆ ಏನಾಗುತ್ತದೆ? ರಾಧಿಕಾ ತುಂಬಾ ಹೆದರಿದ್ದಾಳೆ.

ಉತ್ತರವನ್ನು ಶಾಲೆಯ ವಿಳಾಸಕ್ಕೆ, ಜಗದೇವಿ ಮೇಡಂ ಹೆಸರಿಗೆ ಬರೆ. ಮನೆಗೆ ಬಂದರೆ ಅಜ್ಜಿ ಅದಕ್ಕೂ ಸ್ಪೀಕರ್ ಹಚ್ಚುತ್ತಾಳೆ.

ನಿನ್ನ,
ಪ್ರಮಿತಾ


ಕುಂಚಾವರಂ
೬ ಜುಲೈ ೨೦೨೫

ಪ್ರಮಿ ಮರೀ,

ನನ್ನ ಮಗಳು ಖೋಖೋ ತಂಡದಲ್ಲಿ! ಇಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ಎಂದರೆ ಮೂವರು. ಅದರಲ್ಲಿ ನಾನೂ ಒಬ್ಬಳು, ಹೆಡ್‌ಮಾಸ್ತರರ ಕೆಲಸವೂ ನನ್ನದೇ. ಸುತ್ತ ಕಾಡು, ಮಳೆ ಹಿಡಿದರೆ ಬಸ್ಸು ಬರುವುದೇ ಅನುಮಾನ. ಮಕ್ಕಳು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿ, ಬೆನ್ನು ತಿರುಗಿಸಿದ ಕೂಡಲೇ ತೆಲುಗಿನಲ್ಲಿ ನಗುತ್ತಾರೆ. ಅರ್ಥವಾಗದವಳಂತೆ ನಾನೂ ಗಂಭೀರವಾಗಿರುತ್ತೇನೆ.

ನಿನ್ನ ಗೆಳತಿಗೆ ಹೇಳು, ಹೆದರಬೇಕಾದ್ದು ಏನೂ ಇಲ್ಲ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಅದಕ್ಕೆ ದಾರಿ ಗೊತ್ತಿರುವುದಿಲ್ಲ. ಹೊಸದಾಗಿ ಸೈಕಲ್ ಕಲಿಯುವವರು ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುವ ಹಾಗೆ, ಒಂದು ತಿಂಗಳು ಬಂದೀತು, ಎರಡು ತಿಂಗಳು ಬಿಟ್ಟೀತು. ಆಟ ಆಡಿದರೆ ಹೊಟ್ಟೆಯೊಳಗೆ ಯಾವುದೂ ಜಾಗ ಬಿಡುವುದಿಲ್ಲ. ಆದರೆ ಮೂರು ತಿಂಗಳು ದಾಟಿದರೆ ಒಮ್ಮೆ ಡಾಕ್ಟರಿಗೆ ತೋರಿಸಬೇಕು. ರಕ್ತ ಕಡಿಮೆ ಇರಬಹುದು, ಊಟ ಸಾಲದೇ ಇರಬಹುದು, ಬೇರೇನಾದರೂ ಇದ್ದರೂ ಬೇಗ ಗೊತ್ತಾದರೆ ಒಳ್ಳೆಯದು. ಮೊದಲು ಅವಳು ತನ್ನ ತಾಯಿಗೆ ಹೇಳಲಿ. ಇಂಥದ್ದನ್ನು ತಾಯಿಯಿಂದ ಮುಚ್ಚಿಡುವ ಹುಡುಗಿಯರನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ.

ನಿನ್ನದರ ಬಗ್ಗೆ ನನಗೆ ಚಿಂತೆಯಿಲ್ಲ. ಮೊನ್ನೆ ಫೋನಿನಲ್ಲಿ ನಿನ್ನ ಅಜ್ಜಿ, ‘ನಮ್ಮ ಹುಡುಗೀದು ಪಂಚಾಂಗ ಇದ್ದಂಗ ಅದ, ತಿಂಗಳಿಗೆ ಬರೋಬ್ಬರಿ ಹೊರಗ ಕೂಡ್ತಾಳ’ ಎಂದು ಹೆಮ್ಮೆಯಿಂದ ಹೇಳಿದರು. ಅಷ್ಟು ಹೇಳಿ ಫೋನನ್ನು ನಿನ್ನ ಅಪ್ಪನ ಕೈಗೆ ಕೊಟ್ಟರು. ನಾನು ಈ ಊರಿಗೆ ಬಂದದ್ದು ಅವರಿಗೆ ಇನ್ನೂ ಸರಿಹೋಗಿಲ್ಲ.

ಮಠದ ಆರಾಧನೆಗೆ ಒಂದು ದಿನದ ಮಟ್ಟಿಗೆ ಬರುತ್ತೇನೆ. ನಿನ್ನನ್ನು ಅಪ್ಪಿ ಹಿಡಿದುಕೊಂಡು ತಿಂಗಳಾಯಿತು.

ಅಮ್ಮ,
ವೃಂದಾ


ಮಳಖೇಡ
೨೦ ಜುಲೈ ೨೦೨೫

ಅಮ್ಮಾ,

ರಾಧಿಕಾ ಅಲ್ಲ. ಅಂದರೆ ರಾಧಿಕಾಳದೂ ನಿಜವೇ, ಆದರೆ ನಾನು ಕೇಳಿದ್ದು ನನ್ನದು.

ನನಗೆ ಜನವರಿಯಲ್ಲಿ ಮೊದಲ ಸಲ ಬಂತು, ನಿನಗೆ ಗೊತ್ತು. ಆಮೇಲೆ ಮಾರ್ಚಿನಲ್ಲಿ ಒಮ್ಮೆ. ಅಷ್ಟೇ. ಏಪ್ರಿಲ್‌ನಲ್ಲಿ ಬರಲಿಲ್ಲ. ಆಗ ನಿನ್ನ ವರ್ಗಾವಣೆಯ ಗಲಾಟೆ, ಅಜ್ಜಿ ಮತ್ತು ನೀನು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಿರಿ, ನನ್ನನ್ನು ಯಾರೂ ಕೇಳಲಿಲ್ಲ. ಮೇ ತಿಂಗಳೆಲ್ಲ ಚಿತ್ತಾಪುರದ ಅಜ್ಜನ ಮನೆಯಲ್ಲಿದ್ದೆ. ಅಲ್ಲೂ ಯಾರೂ ಕೇಳಲಿಲ್ಲ. ಜೂನಿನಲ್ಲಿ ಅಜ್ಜಿ ಕೇಳಿದಳು, ‘ಯಾಕ, ನೀ ಇನ್ನಾ ಕೂತಿಲ್ಲ?’ ಅಂತ. ಅದರ ಹಿಂದಿನ ದಿನವೇ ರಾಧಿಕಾಳನ್ನು ತಂಡದಿಂದ ಬಿಡಿಸಿದ್ದರು.

ನಾನು ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಹೋಗಿ ನಿಂತು, ‘ಅಜ್ಜಿ, ಹೊರಗ ಆಗೀನಿ’ ಎಂದುಬಿಟ್ಟೆ.

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. ಚಾಪೆ ಬಂತು, ಬೇರೆ ತಾಟು ಬಂತು, ಬೇರೆ ಲೋಟ ಬಂತು. ಹಿಂದಿನ ಕೋಣೆಯಲ್ಲಿ ಮೂರು ದಿನ ಕೂತೆ. ಪ್ಯಾಡುಗಳನ್ನು ಸುಮ್ಮನೆ ಕಾಗದದಲ್ಲಿ ಸುತ್ತಿ ಎಸೆದೆ. ಹೊಟ್ಟೆ ಹಿಡಿದುಕೊಂಡು ಅಮ್ಮಾ ಅಂತ ನರಳಿದೆ ಕೂಡ. ನರಳಿದ್ದು ಜಾಸ್ತಿಯಾಗಿ ಅಜ್ಜಿ ಜೀರಿಗೆ ಕಷಾಯ ಮಾಡಿ ಹೊಸ್ತಿಲಲ್ಲಿ ಇಟ್ಟಳು, ಅದನ್ನೂ ಕುಡಿಯಬೇಕಾಯಿತು. ನಾಲ್ಕನೆಯ ದಿನ ತಲೆಗೆ ನೀರು. ಅಜ್ಜಿಗೆ ಸಮಾಧಾನ, ನನಗೆ ಖೋಖೋ ಉಳಿಯಿತು.

ಆದರೆ ಸುಳ್ಳಿಗೂ ತಿಂಗಳು ತಿಂಗಳು ಬರಬೇಕಲ್ಲ! ಜುಲೈನಲ್ಲಿ ಸರಿಯಾದ ಹೊತ್ತಿಗೆ ಮತ್ತೆ ಕೂತೆ. ಅದು ಆರಾಧನೆಯ ಸಮಯಕ್ಕೇ ಬಂತು. ನೀನು ಬಂದ ದಿನವೇ ನಾನು ಸುಳ್ಳಿಗೆ ಹೊರಗೆ ಕೂತಿದ್ದೆ ಅಮ್ಮಾ. ಮನೆ ತುಂಬ ಜನ ಉಣ್ಣುತ್ತಿದ್ದರು. ನೀನು ಹೊಸ್ತಿಲಲ್ಲಿ ಮಲ್ಲಿಗೆ ದಂಡೆ ಇಟ್ಟೆ. ನನಗೆ ಎದ್ದು ಓಡಿಬಂದು ನಿನ್ನನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಂಡಿದ್ದರೆ ಏನೂ ಮೈಲಿಗೆ ಆಗುತ್ತಿರಲಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ನೆನೆದು ನೀನು ಹೋದ ಮೇಲೆ ತುಂಬಾ ಅತ್ತೆ.

ಈಗ ನಿಜವಾದ ಗಂಡಾಂತರ ಕೇಳು. ತಾಲ್ಲೂಕು ಪಂದ್ಯ ಆಗಸ್ಟ್ ಹನ್ನೆರಡಕ್ಕೆ ಎಂದು ಗೊತ್ತಾಯಿತು. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, ‘ಅವತ್ತ ನೀ ಕೂಡಾಕಿ. ಹೋಗಂಗಿಲ್ಲ ಅಂತ ಬಾಯಿಗೆ ಹೇಳಿಬಿಡು’ ಎಂದಳು. ಜಗದೇವಿ ಬಾಯಿ ಅಂದರೆ ನಮ್ಮ ಮೇಡಂ. ಕೂತರೆ ಪಂದ್ಯ ಹೋಗುತ್ತದೆ. ಕೂರದಿದ್ದರೆ ನಿಂತುಹೋಗಿದೆ ಎಂದು ತಿಳಿದು ಆಟವೇ ಹೋಗುತ್ತದೆ.

ಮತ್ತೆ ಇನ್ನೊಂದು ಹೆದರಿಕೆ, ಅದನ್ನು ಬರೆಯಲಿಕ್ಕೇ ಆಗುತ್ತಿಲ್ಲ. ಅದು ಇನ್ನು ಬರುವುದೇ ಇಲ್ಲವಾ? ಸುಳ್ಳು ಹೇಳಿದ್ದಕ್ಕೆ ಹೀಗಾಯಿತಾ? ನನ್ನೊಳಗೆ ಏನಾದರೂ ಕೆಟ್ಟಿದೆಯಾ?

ಯಾರಿಗೂ ಹೇಳಬೇಡ.

ಪ್ರಮಿತಾ


ಕುಂಚಾವರಂ
೨೬ ಜುಲೈ ೨೦೨೫

ನನ್ನ ಪ್ರಮಿ,

ನಿನ್ನ ಕಾಗದವನ್ನು ಶಾಲೆಯಲ್ಲಿ ತೆರೆದೆ. ಅರ್ಧಕ್ಕೇ ಮಡಚಿ ಮನೆಗೆ ತಂದೆ, ಮಕ್ಕಳೆದುರು ಅಳಬಾರದು ಎಂದು.

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಸುಳ್ಳು ಹೇಳಿದ್ದಕ್ಕೆ ಹೀಗಾಗಲಿಲ್ಲ. ದೇಹಕ್ಕೆ ಸುಳ್ಳು, ನಿಜ ಯಾವುದೂ ತಿಳಿಯುವುದಿಲ್ಲ. ನಿನ್ನ ವಯಸ್ಸಿನ ಎಷ್ಟೋ ಹುಡುಗಿಯರಿಗೆ ಹೀಗೆ ತಡವಾಗುತ್ತದೆ, ಆಮೇಲೆ ಬರುತ್ತದೆ. ಆದರೂ ಇಷ್ಟು ದಿನವಾಗಿದೆ, ಡಾಕ್ಟರಿಗೆ ತೋರಿಸೋಣ. ಹೆದರಿಕೆಗಲ್ಲ, ತಿಳಿದುಕೊಳ್ಳಲಿಕ್ಕೆ.

ನನಗೆ ಸಿಟ್ಟು ಬಂದಿದೆ, ನಿನ್ನ ಮೇಲಲ್ಲ. ಇಲ್ಲಿ ಊರ ಮಕ್ಕಳಿಗೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು, ‘ನಾಚಬ್ಯಾಡ್ರಿ, ಕೇಳ್ರಿ’ ಎನ್ನುತ್ತೇನೆ. ನನ್ನ ಮಗಳು ಗೆಳತಿಯ ಹೆಸರು ಹಾಕಿ ನನ್ನನ್ನು ಕೇಳಬೇಕಾಯಿತು. ಅವಳಿಗೆ ನಾನು ಕೊಟ್ಟ ಉತ್ತರ ನೋಡು, ತಾಯಿಗೆ ಹೇಳಲಿ ಅಂತ! ನಾಚಿಕೆಯಾಗುತ್ತದೆ. ಆರಾಧನೆಯ ದಿನ ನೀನು ಗೋಡೆಗೆ ಒರಗಿ, ‘ಅಮ್ಮಾ, ಒಂದು ನಿಮಿಷ’ ಎಂದಿದ್ದೆ. ಒಳಗಿನಿಂದ ಕರೆದರು, ನಾನು ಹೋದೆ.

ಅಜ್ಜಿಗೆ ನಾನು ಈಗಲೇ ಬರೆದು ತಿಳಿಸಬಹುದು. ಬರೆದರೆ ಅದು ಅತ್ತೆ ಸೊಸೆಯ ಜಗಳವಾಗುತ್ತದೆ, ನಿನ್ನ ಆಟದ ಜೊತೆ ನೀನೂ ನಡುವೆ ಸಿಕ್ಕಿಕೊಳ್ಳುತ್ತೀ. ಎರಡನೇ ಶನಿವಾರ, ಆಗಸ್ಟ್ ಒಂಬತ್ತಕ್ಕೆ, ಮಳೆ ಬರಲಿ ಗುಡುಗು ಬರಲಿ, ನಾನು ಬರುತ್ತೇನೆ. ಇಬ್ಬರೂ ಕೂಡಿ ಅಜ್ಜಿಯ ಮುಂದೆ ಕೂತು ಹೇಳೋಣ. ಬೈದರೆ ಇಬ್ಬರೂ ಬೈಸಿಕೊಳ್ಳೋಣ. ಅಲ್ಲಿಯವರೆಗೆ ಇನ್ನೊಮ್ಮೆ ಸುಳ್ಳಿಗೆ ಕೂಡಬೇಡ. ನಡುವೆ ಧೈರ್ಯ ಬಂದರೆ ನೀನೇ ಹೇಳಿಬಿಡು, ನನಗಾಗಿ ಕಾಯಬೇಡ. ಅಜ್ಜಿಯ ಬಾಯಿ ಜೋರು. ಆದರೆ ನಿನ್ನನ್ನು ಅವರು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದು ನನಗೆ ಗೊತ್ತು.

ಬೆಳಿಗ್ಗೆ ಏನು ತಿಂದು ಆಟಕ್ಕೆ ಹೋಗುತ್ತೀ? ಅದನ್ನು ನೀನು ಬರೆಯಲೇ ಇಲ್ಲ.

ಅಮ್ಮ


ಮಳಖೇಡ
೪ ಆಗಸ್ಟ್ ೨೦೨೫

ಅಮ್ಮಾ,

ನೀನು ಬರುವ ಮೊದಲೇ ಎಲ್ಲ ಆಗಿಹೋಯಿತು.

ಶುಕ್ರವಾರ ಅಜ್ಜಿಯ ಲಕ್ಷ್ಮೀಪೂಜೆ. ನಾನು ದೇವರ ಕೋಣೆಯಲ್ಲಿ ಕೂತು ಗಂಧ ತೇಯುತ್ತಿದ್ದೆ. ಆಗಲೇ ಅದು ಬಂತು. ನಿಜವಾದದ್ದು. ಬಂತಲ್ಲ ಎಂದು ಒಂದು ಕ್ಷಣ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣ ದೇವರ ಕೋಣೆ, ಅಜ್ಜಿಯ ಮಡಿ ನೆನಪಾದವು. ಎದ್ದು ಹಿತ್ತಲಿಗೆ ಓಡಿ, ‘ಅಜ್ಜಿ, ಹೊರಗ ಆದೆ’ ಎಂದು ಕೂಗಿದೆ.

ಅಜ್ಜಿ ಬೈಯುತ್ತಾಳೆ ಅಂದುಕೊಂಡೆ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ‘ಈಗ ಆರಾಧನಿಗೆ ಆಗಿದ್ದಿ. ಇಷ್ಟ್ ಲಗೂನ ಮತ್ತ ಹೆಂಗ?’ ಎಂದು ಕೇಳಿದಳು. ಪೂಜೆಯೆಲ್ಲ ಮತ್ತೆ ಮೊದಲಿನಿಂದ ಮಾಡಿದಳು. ಈ ಸಲ ಬಹಳ ಹೋಗುತ್ತಿತ್ತು, ಇವತ್ತು ನಾಲ್ಕನೆಯ ದಿನವೂ ನಿಲ್ಲಲಿಲ್ಲ. ಅಜ್ಜಿ ಅಪ್ಪನಿಗೆ ಫ್ಯಾಕ್ಟರಿಗೆ ಹೋಗು ಎಂದು ಹೇಳಿ, ತಾನೇ ನನ್ನನ್ನು ಸೇಡಂಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ನನ್ನಿಂದ ಒಂದು ಸೀಟು ಬಿಟ್ಟು ಕೂತಳು, ಆದರೆ ಕಣ್ಣು ನನ್ನ ಮೇಲೆಯೇ.

ಡಾಕ್ಟರ್ ಹೆಸರು ಖುರ್ಷಿದಬೇಗಂ. ನನ್ನನ್ನು ಏನು ಕೇಳಿದರೂ ಅಜ್ಜಿಯೇ ಉತ್ತರ ಕೊಟ್ಟಳು.

‘ತಿಂಗಳಿಗೆ ಸರಿ ಬರ್ತದೇನವಾ?’

‘ಆಕಿಗೇನ್ ಕೇಳ್ತೀರಿ ಡಾಕ್ಟರ್, ನನ್ನ ಕೇಳ್ರಿ. ಬರೋಬ್ಬರಿ ತಿಂಗಳಿಗೆ ಕೂಡಾಕಿ. ಜೂನಿಗೆ ಕೂತಾಳ, ಆರಾಧನಿಗೆ ಕೂತಾಳ. ಈ ಸಲ ಅರ್ಧ ತಿಂಗಳಾದಾಗೇ ಮತ್ತ ಆಗ್ಯಾಳ. ನಿಲ್ಲವಲ್ದು. ಏನರೆ ಮಾಡ್ರಿ, ಕೂಸು ಬಿಳಚಿಕೊಂಡದ.’

ಡಾಕ್ಟರ್ ತಲೆಯಾಡಿಸಿ, ‘ಲಗೂ ಲಗೂ ಬಂದು ಭಾಳ ಹೊಂಟದ ಅಂದ್ರ ಗುಳಿಗಿ ಕೊಡಬೇಕಾಗ್ತದ’ ಎಂದು ಚೀಟಿ ತೆಗೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ಇಲ್ಲದ ರೋಗಕ್ಕೆ ಔಷಧಿ ಬರೆಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಖೋಖೋ ಉಳಿಯುತ್ತಿತ್ತು. ಆದರೆ ಅಜ್ಜಿ ಹಾಗೆ ಬೇಡಿಕೊಳ್ಳುವುದನ್ನು ನೋಡಲಾಗಲಿಲ್ಲ ಅಮ್ಮಾ.

‘ಡಾಕ್ಟರ್, ಬರೀಬ್ಯಾಡ್ರಿ. ಅವು ಸುಳ್ಳವ’ ಎಂದೆ.

‘ಯಾವು?’

‘ಜೂನಿಂದು. ಅರಾಮ ಇದ್ದೆ, ಸುಮ್ನ ಕೂತಿದ್ದೆ.’

ಅಜ್ಜಿ ನನ್ನ ಕಡೆ ತಿರುಗಿದಳು. ‘ಆರಾಧನಿದು?’

‘ಅದೂ ಅಜ್ಜಿ. ಮಾರ್ಚ್ ಆದ ಮ್ಯಾಲೆ ಇದೇ ಖರೇದು.’

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ನನ್ನನ್ನೇ ಕೇಳಿದರು. ತೂಕ ನೋಡಿದರು, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಏನು ತಿನ್ನುತ್ತೀ ಎಂದಾಗ, ಬೆಳಿಗ್ಗೆ ಚಹಾ ಕುಡಿದು ಆಟಕ್ಕೆ ಹೋಗುತ್ತೇನೆ ಎಂದೆ. ಅಜ್ಜಿಯ ಜೊತೆ ಏಕಾದಶಿ ಉಪವಾಸವನ್ನೂ ಮಾಡುತ್ತೇನೆ, ಅವತ್ತು ನೀರೂ ಇಲ್ಲ, ಅವತ್ತೂ ಓಡುತ್ತೇನೆ ಎಂದೆ.

ಪರೀಕ್ಷೆಯಲ್ಲಿ ನನ್ನ ರಕ್ತ ಬಹಳ ಕಡಿಮೆ ಎಂದು ಬಂತು. ‘ಶುರುವಿನ ವರ್ಷದಾಗ ತಡಾ ಆಗೋದು, ತಡಾ ಆಗಿ ಜಾಸ್ತಿ ಹೋಗೋದು ಇರ್ತದ. ಆದ್ರ ಈ ಹುಡುಗಿ ಉಣ್ಣೋದು ಸಾಲವಲ್ದು. ಅಮ್ಮಾ, ಆಟ ಬಿಡಸಬ್ಯಾಡ್ರಿ. ಉಪಾಸ ಬಿಡಸ್ರಿ’ ಎಂದು ಡಾಕ್ಟರ್ ಅಜ್ಜಿಗೆ ಹೇಳಿದರು. ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದಾರೆ. ಎರಡು ದಿನದಲ್ಲಿ ನಿಲ್ಲದಿದ್ದರೆ ಕೂಡಲೇ ಬರಬೇಕು, ನಿಂತರೂ ಮುಂದಿನ ತಿಂಗಳು ತೋರಿಸಬೇಕು.

ಬರುವಾಗ ಅಜ್ಜಿ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಕಾಗಿಣಾ ನದಿಯ ಸೇತುವೆ ಬಂದಾಗ ಯಾವಾಗಲೂ ಕೈ ಮುಗಿಯುತ್ತಾಳೆ, ಇವತ್ತು ಅದನ್ನೂ ಮರೆತಳು. ಮನೆಗೆ ಬಂದು ದೇವರ ಕೋಣೆಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ. ನಾಳೆ ಏಕಾದಶಿ. ಖೋಖೋದ ಬಗ್ಗೆ ಕೇಳಲು ಧೈರ್ಯವಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೇಗ ಬಾ.

ಪ್ರಮಿತಾ


ಮಳಖೇಡ
೬ ಆಗಸ್ಟ್ ೨೦೨೫, ದ್ವಾದಶಿ

ಸೌ. ವೃಂದಾಳಿಗೆ ಅನಸೂಯಾಬಾಯಿಯ ಆಶೀರ್ವಾದ.

ಈ ಕಾಗದ ನಾನೇ ಬರೆಯುತ್ತಿದ್ದೇನೆ, ಯಾರೂ ಹೇಳಿ ಬರೆಸಿದ್ದಲ್ಲ. ಅಕ್ಷರ ಸೊಟ್ಟಗಿವೆ, ಹೊಂದಿಸಿಕೊಂಡು ಓದು. ನೀನು ಆ ಕಾಡಿಗೆ ಹೋದದ್ದರ ಬಗ್ಗೆ ನಮ್ಮಿಬ್ಬರಿಗೆ ಜಗಳವಿದೆ. ಅದನ್ನು ನೀನು ಬಂದಾಗ ಆಡೋಣ, ಎಲ್ಲಿಗೂ ಓಡಿಹೋಗುವುದಿಲ್ಲ. ಇವತ್ತು ಹುಡುಗಿಯ ಮಾತು. ಮೊದಲು ಇದನ್ನು ತಿಳಿದುಕೋ, ರಕ್ತ ನಿಂತಿದೆ, ಹುಡುಗಿ ಆರಾಮಾಗಿದ್ದಾಳೆ.

ನಡೆದದ್ದೆಲ್ಲ ನಿನಗೆ ಬರೆದಿದ್ದಾಳಂತೆ. ನನ್ನ ಸಿಟ್ಟು ಯಾಕೆಂದು ಬರೆದಿರಲಿಕ್ಕಿಲ್ಲ, ಅವಳಿಗೆ ಗೊತ್ತಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ. ಆರಾಧನೆಯ ಸಮಯದಲ್ಲಿ ಮಳೆ ಹಿಡಿದಿತ್ತು. ಹುಡುಗಿ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೆಮ್ಮುತ್ತಿದ್ದಳು. ಎದ್ದು ಹೋಗಿ ಎದೆಗೆ ಎಣ್ಣೆ ಹಚ್ಚಬೇಕು ಅನ್ನಿಸಿತು, ಮುಟ್ಟುವ ಹಾಗಿಲ್ಲ ಎಂದು ಹಲ್ಲು ಕಚ್ಚಿ ಮಲಗಿದೆ. ಮುಟ್ಟಬಹುದಿತ್ತಂತೆ! ಮೊಮ್ಮಗಳಿಂದ ನನ್ನನ್ನು ಸುಮ್ಮಸುಮ್ಮನೆ ದೂರ ಇಟ್ಟಳಲ್ಲ, ಆ ಸಿಟ್ಟು.

ಸೋಮವಾರ ದೀಪ ಹಚ್ಚಿದ ಮೇಲೆ ಅವಳ ಬಾಗಿಲಿಗೆ ಹೋಗಿ ಕೇಳಿದೆ, ‘ನನಗ ಹೇಳಲಿಕ್ಕೆ ಏನಾಗಿತ್ತು? ನಾ ಅಷ್ಟ್ ಕೆಟ್ಟಾಕೇನೇ?’

‘ಕೆಟ್ಟಾಕಿ ಅಲ್ಲ ಅಜ್ಜಿ. ಖೋಖೋ ಬಿಡಸ್ತಿದ್ದಿ’ ಎಂದಳು.

ಬಿಡಿಸುತ್ತಿದ್ದೆ. ನಿಜ. ಹುಡುಗಿ ಹೆದರಿದ್ದು ರೋಗಕ್ಕಲ್ಲ, ನನಗೆ.

ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ, ಆಮೇಲೆ ವಾದ ಬೇಡ. ಮೂರು ದಿನ ಕೂಡುವುದನ್ನು ಈ ಮನೆಯಲ್ಲಿ ನಾನಿರುವ ತನಕ ಬಿಡುವುದಿಲ್ಲ. ಆದರೆ ಆ ದಿನಗಳಲ್ಲಿ ಶಾಲೆಗೆ ಹೋಗಲಿ, ಆಡಲಿ, ಸಂಜೆ ಬಂದು ಕೂಡಲಿ. ಮನೆಯ ಮಡಿ ಮನೆಯೊಳಗಿರಲಿ, ಅದು ಸೇಡಂವರೆಗೆ ಯಾಕೆ ಹೋಗಬೇಕು? ಬಂದರೆ ಬಂತು ಎನ್ನಲಿ, ಬರದಿದ್ದರೆ ಬರಲಿಲ್ಲ ಎನ್ನಲಿ. ನಾನು ಲೆಕ್ಕ ಹಾಕುವುದಿಲ್ಲ, ಓಣಿಯಲ್ಲಿ ಪಂಚಾಂಗ ಎಂದು ಹೇಳಿಕೊಂಡು ತಿರುಗುವುದೂ ಇಲ್ಲ. ಹನ್ನೆರಡನೆಯ ತಾರೀಖು ಪಂದ್ಯಕ್ಕೆ ಹೋಗುತ್ತಾಳೆ, ಡಾಕ್ಟರಿಗೆ ಒಂದು ಮಾತು ಕೇಳಿಕೊಂಡು. ಪೀರಮ್ಮನಿಗೂ ಹೇಳಿ ಕಳಿಸಿದ್ದೇನೆ, ಆ ಹುಡುಗಿಯನ್ನೂ ಡಾಕ್ಟರಿಗೆ ತೋರಿಸು ಎಂದು.

ನಿನ್ನೆ ಏಕಾದಶಿ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಏಕಾದಶಿಯ ದಿನ ನಾನು ಒಲೆ ಹಚ್ಚಿದವಳಲ್ಲ. ನಿನ್ನ ಗಂಡ ರಘೂತ್ತಮ ಹೊಟ್ಟೆಯಲ್ಲಿದ್ದಾಗಲೂ ಹಚ್ಚಲಿಲ್ಲ. ಹುಡುಗಿ ನನ್ನನ್ನು ನೋಡಿ ಉಪವಾಸ ಹಿಡಿದಾಗ ಎಲ್ಲರೆದುರು ಹಿಗ್ಗಿದ್ದೆ. ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ನಿಂತೆ. ಅಲ್ಲಿ ಏನು ಹೇಳಿದೆನೋ ಅದು ನನಗೂ ದೇವರಿಗೂ ಬಿಟ್ಟದ್ದು. ಆಮೇಲೆ ಹೋಗಿ ಗ್ಯಾಸ್ ಹಚ್ಚಿದೆ.

ರೊಟ್ಟಿ ಬಡಿಯುವ ಸಪ್ಪಳಕ್ಕೆ ನಿನ್ನ ಗಂಡ ಎದ್ದು ಬಂದ. ‘ಅವ್ವಾ, ಇವತ್ತ ಏಕಾದಶಿ ಅದ’ ಎಂದ.

‘ಗೊತ್ತದ. ನಿನಗಲ್ಲ ಇದು, ಸುಮ್ನ ಹೋಗಿ ಕೂಡು’ ಎಂದೆ.

ಪುಂಡಿಸೊಪ್ಪಿನ ಪಲ್ಲೆ ಮಾಡಿದೆ, ತೊಗರಿಬೇಳೆ ಹಾಕಿ. ತಾಟು ಹಚ್ಚಿಕೊಂಡು ಹುಡುಗಿಯ ಮುಂದೆ ಇಟ್ಟೆ. ಅವಳು ತಾಟು ನೋಡಿದಳು, ನನ್ನ ಮುಖ ನೋಡಿದಳು, ಕೈ ಹಿಂದೆ ಎಳೆದುಕೊಂಡಳು.

‘ನಾ ಒಲ್ಲೆ ಅಜ್ಜಿ. ಏಕಾದಶಿ ದಿನ ಉಂಡ್ರ ಪಾಪ ಬರ್ತದ ಅಂತ ನೀನೇ ಹೇಳಿದ್ದಿ.’

‘ಬಂದ್ರ ನನಗ ಬರ್ಲಿ’ ಎಂದೆ. ‘ನೀ ಉಣ್ಣು.’

ಎರಡು ರೊಟ್ಟಿ ಉಂಡಳು. ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು.

ನಿನ್ನ ಅತ್ತೆ,
ಅನಸೂಯಾಬಾಯಿ